ಮೊದಲ ಭಾಗ ನೋಡಿ ಕುಣಿದ ಮಗನಿಗೆ ಎರಡನೇ ಭಾಗವನ್ನೂ ತೋರಿಸಬಹುದೇ?

ಪ್ರಶ್ನೆ: ಮಗನಿಗೆ 9 ವರ್ಷ, ಮಗಳಿಗೆ ಐದೂವರೆ. ರಜೆಯಲ್ಲಿ ನನ್ನ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಕ್ಕಳ ಜೊತೆ ಇಬ್ಬರೂ ಕಡಲ್ಗಳ್ಳರ ಇಂಗ್ಲಿಷ್ ಸಿನಿಮಾ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಮೊದಲ ಭಾಗ ನೋಡಿದರು. ಮಗನಿಗೆ ಅದರದ್ದೇ ಹುಚ್ಚು. ಮನೆಯಲ್ಲಿರುವ ಸ್ಕೇಲು, ಛತ್ರಿ, ಪೊರಕೆ ಎಲ್ಲವೂ ಈಗ ಕತ್ತಿ. ಮಗಳು ಅರ್ಧಕ್ಕೇ ಎದ್ದು ಬಂದಳಂತೆ. ಆದರೆ ಅಂದಿನಿಂದ ರಾತ್ರಿ ಬಚ್ಚಲುಮನೆಗೆ ಒಬ್ಬಳೇ ಹೋಗುತ್ತಿಲ್ಲ. ಈಗ ಮಗ ಎರಡನೇ ಭಾಗ ‘ಡೆಡ್ ಮ್ಯಾನ್ಸ್ ಚೆಸ್ಟ್’ ಹಾಕು ಅಂತ ಹಟ ಹಿಡಿದಿದ್ದಾನೆ. ಕ್ಲಾಸಿನಲ್ಲಿ ಎಲ್ಲರೂ ನೋಡಿದ್ದಾರಂತೆ. ನಮ್ಮ ಯಜಮಾನರು ‘ಮೊದಲನೆಯದು ನೋಡಿದ್ದಾನೆ, ಏನೂ ಆಗಲಿಲ್ಲ, ಇದೂ ಅಷ್ಟೇ’ ಅನ್ನುತ್ತಾರೆ. ನಮ್ಮ ಅತ್ತೆ ‘ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆದ ಕಥೆ ಹೇಳಿಯೇ ನಾವು ಮಕ್ಕಳನ್ನು ಬೆಳೆಸಿದ್ದು, ಅದಕ್ಕಿಂತ ಇದರಲ್ಲೇನಿದೆ?’ ಅನ್ನುತ್ತಾರೆ. ಮಗ ಒರಟನಾಗುತ್ತಾನಾ, ಮಗಳ ಭಯ ಇನ್ನೂ ಹೆಚ್ಚುತ್ತಾ ಅಂತ ನನಗೆ ಯೋಚನೆ. ಇಂಥ ಸಿನಿಮಾ ಯಾವ ವಯಸ್ಸಿಗೆ ಸರಿ ಅಂತ ತೀರ್ಮಾನ ಮಾಡುವುದು ಹೇಗೆ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಗಳಿಗೆ ಈಗ ಬೇಡ. ಇದರಲ್ಲಿ ನನಗೆ ಅನುಮಾನವಿಲ್ಲ. ಮಗನಿಗೆ ತೋರಿಸಬಹುದು. ಆದರೆ ನೀವು ಮೊದಲು ನೋಡಿ, ಆಮೇಲೆ ಹಗಲು ಹೊತ್ತಿನಲ್ಲಿ ಅವನ ಪಕ್ಕ ಕೂತು ತೋರಿಸಿ. ಅವನು ಬೇಗ ಹೆದರುವ, ನೋಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳುವ ಹುಡುಗನಾದರೆ ಇನ್ನೊಂದೆರಡು ವರ್ಷ ತಡೆಯಿರಿ. ನಷ್ಟವೇನಿಲ್ಲ. ಇವತ್ತು ಈ ಸಿನಿಮಾ, ನಾಳೆ ಇನ್ನೊಂದರ ಪಾರ್ಟ್ ಟು ಬರುತ್ತದೆ. ಅದನ್ನು ನೀವೇ ಅಳೆದು ನೋಡುವ ಹಾಗಾಗಲಿ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಯಜಮಾನರ ಮಾತಿನಿಂದ ಶುರು ಮಾಡೋಣ. ‘ಮೊದಲನೆಯದು ನೋಡಿದ್ದಾನೆ, ಏನೂ ಆಗಲಿಲ್ಲ.’ ಮಕ್ಕಳನ್ನು ಕರೆದುಕೊಂಡು ನನ್ನ ಹತ್ತಿರ ಬರುವ ಅಪ್ಪಂದಿರು ಜಾಸ್ತಿ ಹೇಳುವುದು ಇದನ್ನೇ. ಸರ್ಟಿಫಿಕೇಟ್ ನೋಡಿದರೂ ಹಾಗೇ ಅನ್ನಿಸುತ್ತದೆ. 2003ರಲ್ಲಿ ಬಂದ ಮೊದಲ ಭಾಗಕ್ಕೂ 2006ರ ಎರಡನೇ ಭಾಗಕ್ಕೂ ಅಮೆರಿಕದಲ್ಲಿ ಸಿಕ್ಕಿದ್ದು ಒಂದೇ ದರ್ಜೆ, ಪಿಜಿ-13. ಸಿನಿಮಾದ ಕೆಲವು ಭಾಗ 13 ವರ್ಷದೊಳಗಿನ ಮಕ್ಕಳಿಗೆ ಸರಿಹೋಗದಿರಬಹುದು, ಹೆತ್ತವರು ಎಚ್ಚರದಿಂದಿರಿ ಅಂತ ಅದರ ಅರ್ಥ. ಬ್ರಿಟನ್ನಿನಲ್ಲೂ ಎರಡಕ್ಕೂ 12ಎ. ಅಲ್ಲಿ 12 ತುಂಬದ ಮಕ್ಕಳು ದೊಡ್ಡವರ ಜೊತೆಯಲ್ಲಷ್ಟೇ ಥಿಯೇಟರಿನೊಳಗೆ ಹೋಗಬಹುದು. ಇವು ಡಿಸ್ನಿಯವರ ಸಿನಿಮಾಗಳು. ಡಿಸ್ನಿ ಅಂದ ಕೂಡಲೇ ನಮಗೆ ಮಿಕ್ಕಿ ಮೌಸ್ ನೆನಪಾಗಿ ಮನಸ್ಸು ಹಗುರಾಗುತ್ತದೆ, ಅಲ್ವಾ? ವಾಲ್ಟ್ ಡಿಸ್ನಿ ಪಿಕ್ಚರ್ಸ್ ಹೆಸರಿನಲ್ಲಿ ಬಂದ ಸಿನಿಮಾಗಳ ಪೈಕಿ ಮೊಟ್ಟಮೊದಲು ಪಿಜಿ-13 ಪಡೆದದ್ದೇ ಆ 2003ರ ಸಿನಿಮಾ.

ದರ್ಜೆ ಒಂದೇ ಇದ್ದರೂ ಒಳಗಿರುವ ಸರಕು ಬೇರೆ. ಮೊದಲ ಭಾಗದ ಹೆದರಿಕೆ ಏನು? ಬೆಳದಿಂಗಳು ಬಿದ್ದಾಗ ಕಡಲ್ಗಳ್ಳರು ಅಸ್ಥಿಪಂಜರವಾಗುತ್ತಾರೆ. ನಿಮ್ಮ ಮಗಳು ಎದ್ದು ಬಂದದ್ದು ಬಹುಶಃ ಅಲ್ಲೇ. ಆದರೆ ಅದು ಬಂದು ಹೋಗುವ ಭಯ. ಮರದ ಕಣ್ಣು ಉದುರಿಸಿಕೊಳ್ಳುವ ಪೆದ್ದ ಕಳ್ಳನೊಬ್ಬ ನಡುನಡುವೆ ನಗಿಸುತ್ತಾನೆ. ಕೊನೆಗೆ ಶಾಪ ಕಳೆಯುತ್ತದೆ, ದುಷ್ಟ ಸಾಯುತ್ತಾನೆ, ನಾಯಕ ಜ್ಯಾಕ್ ಸ್ಪ್ಯಾರೋ ನೇಣಿನಿಂದ ತಪ್ಪಿಸಿಕೊಂಡು ತನ್ನ ಹಡಗು ಸೇರುತ್ತಾನೆ. ಮಗು ನೆಮ್ಮದಿಯಾಗಿ ಎದ್ದು ಊಟಕ್ಕೆ ಬರುತ್ತದೆ.

ಎರಡನೇ ಭಾಗ ಶುರುವಾಗಿ ಸ್ವಲ್ಪ ಹೊತ್ತಿಗೇ ಒಂದು ಸೆರೆಮನೆ ಬರುತ್ತದೆ. ಪಂಜರದಲ್ಲಿ ನೇತುಹಾಕಿರುವ ಕೈದಿಯ ಕಣ್ಣನ್ನು ಕಾಗೆ ಕುಕ್ಕುತ್ತದೆ. ಅವನು ಕಿರುಚುತ್ತಾನೆ. ಶವಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆಯುತ್ತಾರೆ. ಅದರಲ್ಲೊಂದರಿಂದ ನಮ್ಮ ನಾಯಕ ಹೊರಬಂದು ಹೆಣದ ಕಾಲನ್ನೇ ಹುಟ್ಟು ಮಾಡಿಕೊಂಡು ದೋಣಿ ನಡೆಸುತ್ತಾನೆ. ದೊಡ್ಡವರಿಗೆ ಇದು ತಮಾಷೆ. 9 ವರ್ಷದವನಿಗೆ ಅರ್ಧ ತಮಾಷೆ, ಅರ್ಧ ಅಸಹ್ಯ. ಐದೂವರೆ ವರ್ಷದವಳಿಗೆ ಅದು ಬರೀ ಹೆಣ.

ಇನ್ನು ಎರಡನೇ ಭಾಗಗಳು ಯಾಕೆ ಹೀಗೆ ಜೋರಾಗುತ್ತವೆ? ಸಿನಿಮಾ ಮಾಡುವವರ ಕಡೆಯಿಂದ ಯೋಚಿಸಿ. ಜನ ಒಮ್ಮೆ ನೋಡಿ ಬೆರಗಾದದ್ದನ್ನೇ ಮತ್ತೆ ತೋರಿಸಿದರೆ ಬೆರಗಾಗುವುದಿಲ್ಲ. ರಾಕ್ಷಸ ದೊಡ್ಡವನಾಗಬೇಕು, ಅಪಾಯ ಹೆಚ್ಚಬೇಕು. ಜೊತೆಗೆ ಮೊದಲ ಭಾಗ ನೋಡಿದವರು ಆ ಹೊತ್ತಿಗೆ ಮೂರ್ನಾಲ್ಕು ವರ್ಷ ದೊಡ್ಡವರಾಗಿರುತ್ತಾರೆ. 2003ರಲ್ಲಿ 10 ವರ್ಷದವನಾಗಿ ಥಿಯೇಟರಿಗೆ ಹೋದ ಹುಡುಗ 2006ರಲ್ಲಿ 13ರವನು. ಎರಡನೇ ಭಾಗ ಅವನಿಗಾಗಿ ಆಗಿದ್ದು. ನಿಮ್ಮ ಮಗನ ಪಾಡು ಬೇರೆ. ಒಂದು ಭಾಗ ಮುಗಿದು ವಾರವಾಗಿಲ್ಲ, ಮುಂದಿನದು ರಿಮೋಟಿನ ಒಂದು ಗುಂಡಿಯಷ್ಟು ದೂರದಲ್ಲಿದೆ. ಥಿಯೇಟರಿನ ಕಾಲದಲ್ಲಿ ಮಕ್ಕಳಿಗೆ ಬೆಳೆಯಲು ಸಿಗುತ್ತಿದ್ದ ಆ ಮೂರು ವರ್ಷವನ್ನು ಓಟಿಟಿ ತೆಗೆದುಹಾಕಿದೆ. ಹೆತ್ತವರು ಇದನ್ನು ಯೋಚಿಸುವುದೇ ಇಲ್ಲ.

ಈ ಪಿಜಿ-13 ಅನ್ನುವ ದರ್ಜೆ ಹುಟ್ಟಿದ್ದರಲ್ಲಿಯೂ ಇಂಥದ್ದೇ ಒಂದು ಎರಡನೇ ಸಿನಿಮಾದ ಪಾತ್ರವಿದೆ. 1984ರಲ್ಲಿ ಇಂಡಿಯಾನಾ ಜೋನ್ಸ್ ಸರಣಿಯ ಎರಡನೇ ಚಿತ್ರ ಬಂತು. ಅದರಲ್ಲಿ ನಮ್ಮ ಅಮರೀಶ್ ಪುರಿ ಪೂಜಾರಿಯ ವೇಷದಲ್ಲಿ ಬದುಕಿರುವ ಮನುಷ್ಯನ ಎದೆಗೆ ಕೈಹಾಕಿ ಹೃದಯ ಕೀಳುತ್ತಾರೆ. ಆಗ ಅಮೆರಿಕದಲ್ಲಿ ಮಕ್ಕಳ ವಿಷಯಕ್ಕೆ ಪಿಜಿ, ಅಂದರೆ ಹೆತ್ತವರ ಮಾರ್ಗದರ್ಶನವಿರಲಿ ಅನ್ನುವ ದರ್ಜೆ, ಅದು ಬಿಟ್ಟರೆ ನೇರವಾಗಿ ದೊಡ್ಡವರ ದರ್ಜೆಯೇ. ನಡುವೆ ಏನೂ ಇರಲಿಲ್ಲ. ಈ ಚಿತ್ರ ಪಿಜಿ ಪಡೆದು ಬಂತು, ಹೆತ್ತವರು ಗಲಾಟೆ ಮಾಡಿದರು. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಅವರೇ ನಡುವೆ ಇನ್ನೊಂದು ದರ್ಜೆ ಇರಲಿ ಅಂತ ಸಲಹೆ ಕೊಟ್ಟರು. ಅದೇ ವರ್ಷ ಜುಲೈನಲ್ಲಿ ಪಿಜಿ-13 ಜಾರಿಗೆ ಬಂತು. ಅಮರೀಶ್ ಪುರಿಯವರ ಲೆಕ್ಕಕ್ಕೆ ಇದನ್ನೂ ಸೇರಿಸಬಹುದು!

ನಮ್ಮಲ್ಲಿ ಹೇಗೆ? 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಡುತ್ತದೆ. ಬಹಳ ಕಾಲ ಯು/ಎ ಅನ್ನುವುದು ಒಂದೇ ದೊಡ್ಡ ಚೀಲವಾಗಿತ್ತು. 12 ವರ್ಷದೊಳಗಿನವರಿಗೆ ಹೆತ್ತವರ ಮಾರ್ಗದರ್ಶನ ಬೇಕು ಅಂತಷ್ಟೇ ಹೇಳುತ್ತಿತ್ತು. ಮನೆಮಂದಿಯ ಕಥೆಯೂ ಅದರಲ್ಲೇ, ತಲೆ ಹಾರುವ ಯುದ್ಧವೂ ಅದರಲ್ಲೇ. 2023ರ ತಿದ್ದುಪಡಿ ಅದನ್ನು ಯುಎ 7+, ಯುಎ 13+, ಯುಎ 16+ ಅಂತ ಮೂರು ಮಾಡಿತು. ಒಳ್ಳೆಯ ಕೆಲಸ. ಆದರೆ ಒಂದು ತಪ್ಪು ತಿಳಿವಳಿಕೆ ಇದೆ. ಯುಎ 16+ ಸಿನಿಮಾಕ್ಕೆ ಚಿಕ್ಕ ಮಕ್ಕಳನ್ನು ಥಿಯೇಟರಿನವರೇ ಬಿಡುವುದಿಲ್ಲ, ಬಿಟ್ಟರೆ ತೊಂದರೆ ಇಲ್ಲ ಅಂತಲೇ ಅರ್ಥ ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಬಾಗಿಲಲ್ಲಿ ತಡೆಯುವುದು ‘ಎ’ ಸರ್ಟಿಫಿಕೇಟಿಗೆ ಮಾತ್ರ. ಯುಎ ಪಕ್ಕದ ಸಂಖ್ಯೆ ಅಪ್ಪ ಅಮ್ಮನಿಗೆ ಹೇಳಿದ ಮಾತು. ಕೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಒಂದೇ ಸಿನಿಮಾ ಒಂದೊಂದು ದೇಶದಲ್ಲಿ ಒಂದೊಂದು ಥರ ಕಾಣುತ್ತದೆ ಅನ್ನುವುದಕ್ಕೆ 2017ರ ‘ಬಾಹುಬಲಿ 2’ ನೋಡಿ. ಅದೂ ಕತ್ತಿ ಝಳಪಿಸುವ ಎರಡನೇ ಭಾಗವೇ. ಭಾರತದಲ್ಲಿ ಯು/ಎ. ಎಷ್ಟೋ ಮನೆಯವರು ಕೈಗೂಸನ್ನು ಎತ್ತಿಕೊಂಡೇ ಹೋದರು. ಸಿಂಗಪುರದಲ್ಲಿ ಅದೇ ಸಿನಿಮಾಕ್ಕೆ 16 ತುಂಬದವರಿಗೆ ಪ್ರವೇಶವೇ ಇರಲಿಲ್ಲ. ಯಾರು ಸರಿ? ಇಬ್ಬರೂ ತಮ್ಮ ಜನರ ರೂಢಿ ನೋಡಿ ತೀರ್ಮಾನಿಸಿದ್ದಾರೆ. ಅವರ್ಯಾರೂ ನಿಮ್ಮ ಮಗಳನ್ನು ನೋಡಿಲ್ಲ.

ಹಾಗಾದರೆ ನೀವು ನೋಡಬೇಕಾದ್ದು ಏನು? ಎಲ್ಲರೂ ಮೊದಲು ಎಣಿಸುವುದು ಹೊಡೆದಾಟವನ್ನು. ಎಷ್ಟು ಫೈಟು, ಎಷ್ಟು ರಕ್ತ. ನನ್ನ ಅನುಭವದಲ್ಲಿ 8-9 ದಾಟಿದ ಮಕ್ಕಳ ನಿದ್ದೆ ಕೆಡಿಸುವುದು ಕತ್ತಿವರಸೆ ಅಲ್ಲ. ಈ ಸಿನಿಮಾದ ಹೆಸರಾಂತ ಫೈಟು ಒಂದಿದೆ. ಉರುಳುತ್ತಿರುವ ದೊಡ್ಡ ನೀರುಚಕ್ರದ ಮೇಲೆ ಮೂವರು ಓಡುತ್ತಾ, ಎಡವುತ್ತಾ ಕತ್ತಿ ಬೀಸುತ್ತಾರೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅದು ಸರ್ಕಸ್ಸು. ಅದರಿಂದ ಯಾರೂ ಹೆದರಿದ್ದನ್ನು ನಾನು ಕಂಡಿಲ್ಲ. ನರಭಕ್ಷಕರ ದ್ವೀಪದ ಭಾಗವೂ ಹೆಚ್ಚು ಕಮ್ಮಿ ಹಾಗೇ. ಎಲುಬಿನ ಪಂಜರದಲ್ಲಿ ಕೂತವರು ಕಂದಕದ ಮೇಲೆ ಜೋಲಾಡುವುದೂ ನಗೆಯಲ್ಲೇ ಹೋಗುತ್ತದೆ. ಅಲ್ಲಿನ ಜನರನ್ನು ತೋರಿಸಿದ ರೀತಿ ನನಗೆ ಹಿಡಿಸುವುದಿಲ್ಲ. ಕಾಡಿನ ಜನ ಅಂದರೆ ಮನುಷ್ಯರನ್ನು ಬೇಯಿಸುವವರು ಅನ್ನುವ ಹಳೇ ಚಾಳಿ. ಮಗ ದೊಡ್ಡವನಿದ್ದಾನೆ, ಇದರ ಬಗ್ಗೆ ಎರಡು ಮಾತು ಆಡಬಹುದು.

ಕಾಡುವುದು ನಿಧಾನದ ದೃಶ್ಯಗಳು. ಡೇವಿ ಜೋನ್ಸ್ ಅನ್ನುವ ಸಮುದ್ರದ ಒಡೆಯ ಬರುತ್ತಾನೆ. ಮುಖದ ತುಂಬ ಆಕ್ಟೋಪಸ್ಸಿನ ತೋಳುಗಳು ಗಡ್ಡದ ಹಾಗೆ ಹೊರಳಾಡುತ್ತಿರುತ್ತವೆ. ಮುಳುಗುತ್ತಿರುವ ಹಡಗಿನ ನಾವಿಕರನ್ನು ಸಾಲಾಗಿ ಕೂರಿಸಿ, ಸಾವಿಗೆ ಹೆದರುತ್ತೀಯಾ ಅಂತ ತಣ್ಣಗೆ ಕೇಳುತ್ತಾನೆ. ಅಲ್ಲೇ ಒಬ್ಬನ ಕತ್ತು ಸೀಳಿಸುತ್ತಾನೆ. ರಕ್ತ ಅಷ್ಟಾಗಿ ಕಾಣುವುದಿಲ್ಲ. ಆದರೆ ಓಡಲು ದಾರಿಯಿಲ್ಲದೆ ಸರದಿಗಾಗಿ ಕಾಯುವವರ ಮುಖ ಕಾಣುತ್ತದೆ. ಮಕ್ಕಳಿಗೆ ಅದು ಸಾಕು.

ಇದಕ್ಕಿಂತ ಗಟ್ಟಿಯಾದ ದೃಶ್ಯ ಇನ್ನೊಂದಿದೆ. ನಾಯಕರಲ್ಲಿ ಒಬ್ಬನಾದ ವಿಲ್ ಡೇವಿ ಜೋನ್ಸನ ಹಡಗಿನಲ್ಲಿ ಸಿಕ್ಕಿಬೀಳುತ್ತಾನೆ. ಅವನಿಗೆ ಚಾಟಿ ಏಟಿನ ಶಿಕ್ಷೆ. ಹೊಡೆಯುವುದು ಯಾರು? ವರ್ಷಗಟ್ಟಲೆ ಕಾಣದಿದ್ದ ಅವನ ಸ್ವಂತ ಅಪ್ಪ. ಅಲ್ಲಿನ ಮೇಸ್ತ್ರಿ ಹೊಡೆದರೆ ಮಾಂಸವೇ ಕಿತ್ತು ಬರುತ್ತದೆ, ಅದಕ್ಕಿಂತ ನಾನೇ ಹೊಡೆಯುವುದು ವಾಸಿ ಅಂತ ಅಪ್ಪ ಆ ಚಾಟಿ ಹಿಡಿದಿರುತ್ತಾನೆ. ಅದರಲ್ಲಿ ಪ್ರೀತಿ ಇದೆ. ಆದರೆ ಆ ಪ್ರೀತಿ ಇರುವುದು ಮಾತಿನಲ್ಲಿ, ಇಂಗ್ಲಿಷ್ ಮಾತಿನಲ್ಲಿ. ಅದೂ ಹಡಗಿನವರ ಒರಟು ಇಂಗ್ಲಿಷ್.

ಇದನ್ನು ವಿದೇಶದ ಯಾವ ಸರ್ಟಿಫಿಕೇಟೂ ನಿಮಗೆ ಹೇಳುವುದಿಲ್ಲ. ನಮ್ಮ ಮಕ್ಕಳು ಇಂಥ ಸಿನಿಮಾ ನೋಡುವಾಗ ಮಾತಿನಲ್ಲಿ ಎಷ್ಟು ಹಿಡಿಯುತ್ತಾರೆ? ಇಂಗ್ಲಿಷ್ ಮೀಡಿಯಂ ಶಾಲೆಯ ನಾಲ್ಕನೇ ಕ್ಲಾಸಿನ ಹುಡುಗನಿಗೂ ಜ್ಯಾಕ್ ಸ್ಪ್ಯಾರೋನ ತೊದಲು ಮಾತು ಪೂರ್ತಿ ತಿಳಿಯುವುದಿಲ್ಲ. ಕೆಳಗೆ ಓಡುವ ಅಕ್ಷರ ಓದುವಷ್ಟರಲ್ಲಿ ದೃಶ್ಯ ಮುಗಿದಿರುತ್ತದೆ. ಈ ಸಿನಿಮಾದಲ್ಲಿ ಹೆದರಿಕೆಯನ್ನು ಹಗುರ ಮಾಡುವುದೇ ಮಾತಿನ ತಮಾಷೆ. ಮಾತು ಹೋದರೆ ಉಳಿಯುವುದು ಚಿತ್ರ ಮತ್ತು ಸದ್ದು. ಅಂದರೆ ಅಲ್ಲಿನ 9 ವರ್ಷದ ಮಗು ನೋಡುವ ಸಿನಿಮಾಕ್ಕಿಂತ ನಿಮ್ಮ 9 ವರ್ಷದ ಮಗ ನೋಡುವ ಸಿನಿಮಾ ಹೆಚ್ಚು ಭಯದ್ದು. ಚಾಟಿಯ ದೃಶ್ಯದಲ್ಲಿ ಅವನಿಗೆ ಕಾಣುವುದು ಮಗನನ್ನು ಬಡಿಯುವ ಅಪ್ಪ, ಅಷ್ಟೇ. ಹಾಗಾಗಿಯೇ ಪಕ್ಕದಲ್ಲಿ ಕೂತಿರಿ ಅನ್ನುವುದು. ಕನ್ನಡದಲ್ಲಿ ಒಂದು ಸಾಲು ಸಾಕು: ‘ಬೇರೆಯವನು ಹೊಡೆದರೆ ಸತ್ತೇ ಹೋಗ್ತಾನೆ, ಅದಕ್ಕೆ ಅಪ್ಪನೇ ಹೊಡೀತಿದ್ದಾನೆ, ನೋಡು, ಅವನಿಗೂ ಅಳು ಬರ್ತಿದೆ.’

ಮತ್ತೊಂದು ಮುಖ್ಯ ವಿಷಯ, ಸಿನಿಮಾ ಮುಗಿಯುವ ರೀತಿ. ಇದು ಮೂರನೇ ಭಾಗಕ್ಕೆ ಏಣಿ ಹಾಕಿ ನಿಲ್ಲುವ ಸಿನಿಮಾ. ಕೊನೆಯಲ್ಲಿ ಕ್ರಾಕನ್ ಅನ್ನುವ ಸಮುದ್ರದ ದೈತ್ಯ ಜ್ಯಾಕ್‌ನನ್ನು ಹಡಗಿನ ಸಮೇತ ನುಂಗುತ್ತದೆ. ಅವನನ್ನು ಹಡಗಿಗೆ ಬೇಡಿ ಹಾಕಿ ಬಿಟ್ಟುಬಂದವಳು ಅವನ ಕಡೆಯವಳೇ ಆದ ಎಲಿಜಬೆತ್. ಎರಡೂವರೆ ಗಂಟೆ ಅವನ ಪರವಾಗಿ ಚಪ್ಪಾಳೆ ತಟ್ಟಿದ ಹುಡುಗ ಅಲ್ಲಿ ಒಮ್ಮೆಲೇ ಪೆಚ್ಚಾಗುತ್ತಾನೆ. ಒಳ್ಳೆಯವರು ಯಾಕೆ ಹಾಗೆ ಮಾಡಿದರು? ಅವನು ನಿಜವಾಗಲೂ ಸತ್ತನಾ? ಭಯ ಬರುವುದು ಕೆಟ್ಟದ್ದಲ್ಲ. ಬಂದ ಭಯ ಕಥೆಯೊಳಗೇ ಕಳೆದರೆ ಮಗುವಿಗೆ ಒಂದು ಧೈರ್ಯ ಸಿಗುತ್ತದೆ. ಕಳೆಯದೆ ಪರದೆ ಕಪ್ಪಾದರೆ ಅದನ್ನು ಹಾಸಿಗೆಗೆ ಕೊಂಡೊಯ್ಯುತ್ತದೆ. ಯಾವುದೇ ಎರಡನೇ ಭಾಗ ತೋರಿಸುವ ಮುಂಚೆ ನಾನು ಕೇಳುವ ಮೊದಲ ಪ್ರಶ್ನೆ ಅದು ಮುಗಿಯುತ್ತದಾ, ಅರ್ಧಕ್ಕೇ ನಿಲ್ಲುತ್ತದಾ ಅಂತ. ಎಷ್ಟು ಜನ ಸಾಯುತ್ತಾರೆ ಅನ್ನುವುದು ಆಮೇಲೆ.

ಈಗ ಮಗಳ ವಿಷಯ. ಏಳು ವರ್ಷದ ಸುಮಾರಿನವರೆಗೆ ಮಕ್ಕಳು ಹೆದರುವುದು ಕಾಣುವುದಕ್ಕೆ. ಒಳಗೆ ಏನಿದೆ ಅನ್ನುವುದಕ್ಕಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ಮಕ್ಕಳ ಇಂಥ ಭಯಗಳನ್ನೇ ದಶಕಗಳ ಕಾಲ ಅಭ್ಯಾಸ ಮಾಡಿದವರು. ಒಳ್ಳೆಯ ಮನುಷ್ಯನೊಬ್ಬ ಸಿಟ್ಟು ಬಂದಾಗ ಹಸಿರು ದೈತ್ಯನಾಗುವ ಹಲ್ಕ್ ಧಾರಾವಾಹಿಯನ್ನು ಅವರ ತಂಡ ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ತೋರಿಸಿತು. ಪುಟ್ಟ ಮಕ್ಕಳು ಜಾಸ್ತಿ ಹೆದರಿದ್ದು ಅವನು ದೈತ್ಯನಾದ ಮೇಲೆ. ಅವನು ಸಹಾಯಕ್ಕೆ ಬಂದವನು ಅನ್ನುವುದು ಅವರ ಲೆಕ್ಕಕ್ಕೇ ಬರಲಿಲ್ಲ. ದೊಡ್ಡ ಮಕ್ಕಳು ಅದೇ ಹೊತ್ತಿಗೆ ನಿರಾಳವಾದರು. ಡೇವಿ ಜೋನ್ಸನ ಹಡಗಿನಲ್ಲಿ ಎಲ್ಲರೂ ಅರ್ಧ ಮನುಷ್ಯ, ಅರ್ಧ ಮೀನು, ಏಡಿ, ಚಿಪ್ಪು. ನಿಮ್ಮ ಮಗಳ ಕಣ್ಣಿಗೆ ಇಡೀ ಸಿನಿಮಾ ಆ ಮುಖಗಳೇ. ‘ಅದು ಸುಮ್ನೆ ಗ್ರಾಫಿಕ್ಸು ಪುಟ್ಟಿ’ ಅಂತ ನೀವು ಎಷ್ಟು ಹೇಳಿದರೂ ಆ ವಯಸ್ಸಿಗೆ ಅದು ಇಳಿಯುವುದಿಲ್ಲ. ಹೌದು ಅಂತ ತಲೆ ಆಡಿಸುತ್ತಾಳೆ, ರಾತ್ರಿ ಬಚ್ಚಲುಮನೆಗೆ ಹೋಗುವುದಿಲ್ಲ.

ಚಿಕ್ಕಂದಿನಲ್ಲಿ ಹೆದರಿದ್ದು ದೊಡ್ಡವರಾದ ಮೇಲೆ ತಾನಾಗಿ ಹೋಗುತ್ತದೆ ಅನ್ನುವುದು ಬಹುಪಾಲು ನಿಜ, ಪೂರ್ತಿ ಅಲ್ಲ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದ ಒಂದು ಅಧ್ಯಯನದಲ್ಲಿ ಹೆಚ್ಚಿನವರಿಗೂ ಸಣ್ಣವರಿದ್ದಾಗ ಸಿನಿಮಾ ಅಥವಾ ಟಿವಿ ನೋಡಿ ಹೆದರಿದ್ದು ನೆನಪಿತ್ತು. ಸುಮಾರು ಕಾಲು ಭಾಗದಷ್ಟು ಮಂದಿಗೆ ಅದರ ಅಳುಕು ಆಗಲೂ ಉಳಿದಿತ್ತು.

ಅತ್ತೆಯವರ ಮಾತು ತಳ್ಳಿಹಾಕುವಂಥದ್ದಲ್ಲ. ನರಸಿಂಹನ ಕಥೆ ನಿಜಕ್ಕೂ ಭಯಂಕರ. ಹೊಸ್ತಿಲ ಮೇಲೆ ಕೂತು ಕರುಳು ಬಗೆಯುವುದಕ್ಕಿಂತ ಘೋರವಾದದ್ದು ಈ ಸಿನಿಮಾದಲ್ಲಿಲ್ಲ. ಆದರೆ ಕಥೆ ಕೇಳುವ ಮಗು ನರಸಿಂಹನನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ತನಗೆ ತಡೆಯುವಷ್ಟೇ ದೊಡ್ಡ ಉಗುರು, ತಡೆಯುವಷ್ಟೇ ರಕ್ತ. ಮಗುವಿನ ಕಣ್ಣು ಅಗಲವಾದರೆ ಅಜ್ಜಿ ದನಿ ತಗ್ಗಿಸುತ್ತಾರೆ, ಬೇಗ ಬೇಗ ಪ್ರಹ್ಲಾದನನ್ನು ತೊಡೆಯ ಮೇಲೆ ಕೂರಿಸಿಕೊಂಡಲ್ಲಿಗೆ ಬರುತ್ತಾರೆ. ಸಿನಿಮಾ ಯಾರ ಕಣ್ಣನ್ನೂ ನೋಡುವುದಿಲ್ಲ. ಒಂದೇ ಅಳತೆಯ ಭಯವನ್ನು ಎಲ್ಲರಿಗೂ ಬಡಿಸುತ್ತದೆ. ಅತ್ತೆಯವರಿಗೆ ಇದನ್ನು ಹೀಗೇ ಹೇಳಿ ನೋಡಿ. ಅವರು ಕಥೆ ಹೇಳಿದ್ದು ಸರಿಯಾಗಿಯೇ ಇದೆ, ಮುಂದುವರಿಸಲಿ.

ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವ ಹೊತ್ತು. ದೊಂದಿಗೆ ರಾಳ ಎರಚಿ ಬೆಂಕಿ ಭುಗಿಲೆನ್ನುತ್ತದೆ, ರಾಕ್ಷಸ ಅಬ್ಬರಿಸುತ್ತಾನೆ, ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ. ಅಂಥ ಮಕ್ಕಳನ್ನು ಚೌಕಿಗೆ ಕರೆದೊಯ್ದು ವೇಷ ಕಟ್ಟುವುದನ್ನು ತೋರಿಸುವವರಿದ್ದಾರೆ. ಎಂಟು ಹತ್ತು ವರ್ಷದವರಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಅಲ್ಲಿ ಬೀಡಿ ಸೇದುತ್ತಾ ಕೂತಿದ್ದವರೇ ಈ ರಾಕ್ಷಸ ಅಂತ ತಿಳಿದರೆ ಭಯ ಹೋಗಿ ಕುತೂಹಲ ಬರುತ್ತದೆ. ನಾಲ್ಕೈದು ವರ್ಷದವರು ಮಾತ್ರ ಚೌಕಿಯಲ್ಲೂ ಅಳುತ್ತಾರೆ, ಆಮೇಲೆ ರಂಗದ ಮೇಲೆ ನೋಡಿಯೂ ಅಳುತ್ತಾರೆ. ನಿಮ್ಮ ಮಗನಿಗೆ ಇದೇ ದಾರಿ ಹಿಡಿಯಿರಿ. ಡೇವಿ ಜೋನ್ಸ್ ಆದವರು ಬಿಲ್ ನೈ ಅನ್ನುವ ಬ್ರಿಟಿಷ್ ನಟ. ಮುಖಕ್ಕೆ ಚುಕ್ಕೆ ಇಟ್ಟುಕೊಂಡು, ಬೂದು ಬಣ್ಣದ ಉಡುಪು ತೊಟ್ಟು ನಟಿಸಿದರು. ಆ ಗಡ್ಡವೆಲ್ಲ ಕಂಪ್ಯೂಟರ್ ಕೆಲಸ. ಅದಕ್ಕೆ ಆಸ್ಕರ್ ಬಂತು. ಚಿತ್ರೀಕರಣದ ತುಣುಕುಗಳು ಹುಡುಕಿದರೆ ಸಿಗುತ್ತವೆ. ಸಿನಿಮಾಕ್ಕೆ ಮುಂಚೆಯೇ ತೋರಿಸಿ. ಮಜಾ ಹಾಳಾಗುತ್ತದೆ ಅಂತ ಯೋಚಿಸಬೇಡಿ, ಈ ವಯಸ್ಸಿನವರಿಗೆ ಅದೇ ಮಜಾ.

ಮಗ ಒರಟನಾಗುತ್ತಾನಾ? 1961ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಆಲ್ಬರ್ಟ್ ಬಂಡೂರ ಒಂದು ಪ್ರಯೋಗ ಮಾಡಿದರು. ದೊಡ್ಡವರು ಒಂದು ಗಾಳಿ ತುಂಬಿದ ಬೊಂಬೆಯನ್ನು ಬಡಿಯುವುದನ್ನು ನೋಡಿದ ಮಕ್ಕಳು ಆಮೇಲೆ ತಾವೂ ಹಾಗೇ ಬಡಿದರು. ಇದನ್ನು ಹಿಡಿದುಕೊಂಡು ‘ನೋಡಿದರೆ ಕೆಟ್ಟೇ ಹೋಗ್ತಾರೆ’ ಅನ್ನುವವರಿದ್ದಾರೆ. ಆ ಪ್ರಯೋಗ ತೋರಿಸಿದ್ದು ಮಕ್ಕಳು ನೋಡಿದ್ದನ್ನು ಅನುಕರಿಸುತ್ತಾರೆ ಅಂತ. ಒಂದು ಸಿನಿಮಾದಿಂದ ಸ್ವಭಾವ ಬದಲಾಗುತ್ತದೆ ಅಂತ ಅಲ್ಲ. ದಿನಾ ಗಂಟೆಗಟ್ಟಲೆ ಹೊಡೆದಾಟ ನೋಡುವ, ಮನೆಯಲ್ಲೂ ಏಟು ತಿನ್ನುವ ಮಗುವಿನ ಮಾತು ಬೇರೆ. ಅಲ್ಲಿ ನಾನು ಮೊದಲು ವಿಚಾರಿಸುವುದು ಮನೆಯ ಏಟನ್ನು.

ಸ್ಕೇಲು ಬೀಸುವುದು ಆಟವಾ ಜಗಳವಾ ಅಂತ ತಿಳಿಯುವುದು ಸುಲಭ. ಆಟವಾದರೆ ಮುಖದಲ್ಲಿ ನಗು ಇರುತ್ತದೆ, ಸೋಲುವವರು ಸರದಿಯಂತೆ ಬದಲಾಗುತ್ತಾರೆ, ಒಬ್ಬರು ‘ಅಮ್ಮಾ’ ಅಂದರೆ ಇನ್ನೊಬ್ಬರು ನಿಲ್ಲಿಸುತ್ತಾರೆ. ಯಾವಾಗಲೂ ತಂಗಿಯೇ ಸೋಲಬೇಕು, ಅವಳು ಅತ್ತರೂ ನಿಲ್ಲುವುದಿಲ್ಲ ಅಂದರೆ ಅದು ಆಟವಲ್ಲ. ನನಗೆ ಮಗನ ಮನಸ್ಸಿಗಿಂತ ಮಗಳ ಕಣ್ಣಿನ ಚಿಂತೆ ಹೆಚ್ಚು. ಟಿವಿಯಲ್ಲಿ ರಾಮಾಯಣ, ಮಹಾಭಾರತ ಬರುತ್ತಿದ್ದ ದಿನಗಳಲ್ಲಿ ಮಕ್ಕಳು ಕಡ್ಡಿಯ ಬಿಲ್ಲುಬಾಣ ಮಾಡಿಕೊಂಡು ಆಡಿ ಕಣ್ಣಿಗೆ ಪೆಟ್ಟು ಮಾಡಿಕೊಂಡದ್ದನ್ನು ಕಣ್ಣಿನ ವೈದ್ಯರು ಬರೆದಿಟ್ಟಿದ್ದಾರೆ. ಛತ್ರಿ, ಸ್ಕೇಲು, ಪೊರಕೆ ಕಡ್ಡಿ ಇವತ್ತೇ ಬಂದ್ ಮಾಡಿ. ಹಳೇ ಪೇಪರ್ ಸುತ್ತಿ ಕತ್ತಿ ಮಾಡಿಕೊಡಿ. ಮುಖಕ್ಕೆ ಹೊಡೆದವರು ಔಟ್ ಅಂತ ಒಂದೇ ರೂಲು.

ರಕ್ತ ಇಲ್ಲದ ಸಿನಿಮಾ ಮಕ್ಕಳಿಗೆ ಒಳ್ಳೆಯದು ಅನ್ನುವ ನಂಬಿಕೆಯನ್ನೂ ಸ್ವಲ್ಪ ಕೆದಕಬೇಕು. ಪಿಜಿ-13ರೊಳಗೆ ಉಳಿಯಲು ಇಂಥ ಸಿನಿಮಾಗಳು ರಕ್ತವನ್ನು ಒರೆಸಿಬಿಡುತ್ತವೆ. ಕತ್ತಿ ಚುಚ್ಚಿದರೂ ಗಾಯ ಕಾಣುವುದಿಲ್ಲ, ಬಿದ್ದವನು ಎದ್ದು ಓಡುತ್ತಾನೆ. ಭಯ ಕಮ್ಮಿಯಾಗುತ್ತದೆ ನಿಜ. ಆದರೆ ಚೂಪಾದದ್ದು ಚುಚ್ಚಿದರೆ ನೋವಾಗುತ್ತದೆ ಅನ್ನುವುದೂ ಅದರ ಜೊತೆಗೇ ಕಾಣೆಯಾಗುತ್ತದೆ. ಇದಕ್ಕೆ ಉಪದೇಶ ಬೇಡ. ನೋಡುವಾಗ ‘ನಿಜವಾಗಿ ಹೀಗೆ ಬಿದ್ದಿದ್ರೆ ಕಾಲು ಮುರೀತಿತ್ತು, ಅಲ್ವಾ?’ ಅಂತ ಒಮ್ಮೆ ಕೇಳಿದರೆ ಸಾಕು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ಇಬ್ಬರಿಗೂ ಒಟ್ಟಿಗೆ ತೋರಿಸುವುದು ಸುಲಭ, ಅದು ಬೇಡ. ಮಗಳು ಮಲಗಿದ ಮೇಲೆ ಮಗನಿಗೆ ಹಾಕುವುದು ಹಲವರು ಮಾಡುವ ಉಪಾಯ. ಅದರಲ್ಲೂ ತೊಡಕಿದೆ. ರಾತ್ರಿ ನೋಡಿ ನೇರ ಹಾಸಿಗೆಗೆ ಹೋಗುವುದು ಮಗನಿಗೇ ಒಳ್ಳೆಯದಲ್ಲ. ಬಾಗಿಲ ಸಂದಿಯಿಂದ ಇಣುಕಿದ ಅರ್ಧ ದೃಶ್ಯ, ಗೋಡೆಯಾಚೆಯ ಕಿರುಚಾಟ ಮಗಳಿಗೆ ಪೂರ್ತಿ ಸಿನಿಮಾಕ್ಕಿಂತ ಕೆಟ್ಟದ್ದು. ಅವಳು ಅಜ್ಜಿಯ ಜೊತೆ ಹೊರಗೆ ಹೋದ ಒಂದು ಮಧ್ಯಾಹ್ನ ಸರಿಯಾದ ಸಮಯ. ಮುಂದೂಡುವುದು ಇನ್ನೊಂದು ದಾರಿ. ಹಾಗೆ ಮಾಡಿದರೆ ಕಾರಣ ಹೇಳಿ, ‘11 ತುಂಬಲಿ’ ಅಂತ ಗಡಿ ಹೇಳಿ. ಬರೀ ‘ಬೇಡ’ ಅಂದರೆ ಗೆಳೆಯನ ಮನೆಯಲ್ಲಿ, ಯಾರದೋ ಮೊಬೈಲಿನಲ್ಲಿ, ಪಕ್ಕದಲ್ಲಿ ದೊಡ್ಡವರಿಲ್ಲದೆ ನೋಡುತ್ತಾನೆ. ಫೈಟುಗಳ ತುಣುಕು ಮಾತ್ರ ಯೂಟ್ಯೂಬಿನಲ್ಲಿ ತೋರಿಸುವುದು ಸುರಕ್ಷಿತ ಅನ್ನಿಸುತ್ತದೆ. ನನಗೆ ಅದು ಕಡಿಮೆ ಇಷ್ಟ. ಒಂದು ತುಣುಕು ಮುಗಿದರೆ ಮುಂದಿನದು ತಾನೇ ಓಡುತ್ತದೆ, ಅದು ಯಾವುದು ಬರುತ್ತದೋ ನಿಮಗೆ ಗೊತ್ತಿಲ್ಲ. ಅಂದಹಾಗೆ, ‘ಕ್ಲಾಸಿನಲ್ಲಿ ಎಲ್ಲರೂ ನೋಡಿದ್ದಾರೆ’ ಅನ್ನುವುದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಡಿ. ಸಾಮಾನ್ಯವಾಗಿ ಮೂರ್ನಾಲ್ಕು ಜನ ನೋಡಿರುತ್ತಾರೆ, ಉಳಿದವರು ನೋಡಿದೆ ಅಂದಿರುತ್ತಾರೆ.

ತೋರಿಸುವುದಾದರೆ ಮೊದಲು ನೀವೊಬ್ಬರೇ ನೋಡಿ. ಎರಡೂವರೆ ಗಂಟೆ ಇಲ್ಲದಿದ್ದರೆ ಬ್ರಿಟನ್ನಿನ ಸೆನ್ಸಾರ್ ಮಂಡಳಿ ಬಿಬಿಎಫ್‌ಸಿ, ಅಮೆರಿಕದ ಕಾಮನ್ ಸೆನ್ಸ್ ಮೀಡಿಯಾ, ಐಎಂಡಿಬಿಯ ಪೇರೆಂಟ್ಸ್ ಗೈಡ್ ಈ ವೆಬ್‌ಸೈಟುಗಳಲ್ಲಿ ಯಾವುದಾದರೂ ಒಂದರಲ್ಲಿ ಈ ಸಿನಿಮಾದ ಬಗ್ಗೆ ಬರೆದದ್ದನ್ನು ಓದಿ. ಓಟಿಟಿಯಲ್ಲಿ ಸಿನಿಮಾದ ಹೆಸರಿನ ಹತ್ತಿರ ವಯಸ್ಸಿನ ಗುರುತು ಇರುತ್ತದೆ. 2021ರ ಐಟಿ ನಿಯಮದ ಪ್ರಕಾರ ಯು/ಎ 13+ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ ಲಾಕ್ ಹಾಕುವ ಸೌಲಭ್ಯವೂ ಇರಬೇಕು, ಸೆಟ್ಟಿಂಗ್ಸಿನಲ್ಲಿ ಹುಡುಕಿ. ಕಾಗೆಯ ದೃಶ್ಯ ಹಾರಿಸಿ, ಕಥೆಗೆ ಏನೂ ಕೊರತೆಯಾಗುವುದಿಲ್ಲ. ಕತ್ತು ಸೀಳುವುದನ್ನೂ ಹಾರಿಸಬಹುದು. ಚಾಟಿಯ ದೃಶ್ಯ ಹಾರಿಸಬೇಡಿ, ಅಪ್ಪ ಮಗನ ಕಥೆ ಅಲ್ಲೇ ಇದೆ. ಸದ್ದು ಸ್ವಲ್ಪ ಇಳಿಸಿ. ಭಯದಲ್ಲಿ ಸದ್ದಿನ ಪಾಲು ದೊಡ್ಡದು. ರಿಮೋಟ್ ಅವನ ಕೈಗೇ ಕೊಡಿ. ನಿಲ್ಲಿಸುವ ಅಧಿಕಾರ ತನ್ನದು ಅಂತ ಗೊತ್ತಿದ್ದರೆ ಮಗು ಅಷ್ಟಾಗಿ ಹೆದರುವುದಿಲ್ಲ. ಶುರುವಿಗೇ ಹೇಳಿಬಿಡಿ: ‘ಕೊನೇಲಿ ಜ್ಯಾಕ್‌ನ ಕ್ರಾಕನ್ ನುಂಗುತ್ತೆ, ಆದ್ರೆ ಮುಂದಿನ ಭಾಗದಲ್ಲಿ ವಾಪಸ್ ಬರ್ತಾನೆ.’

ಇಷ್ಟಾಗಿಯೂ ರಾತ್ರಿ ಹೆದರಿದರೆ ನಗಬೇಡಿ. ‘ಇಷ್ಟು ದೊಡ್ಡವನಾಗಿ ಹೆದರ್ತೀಯಾ’ ಅಂದರೆ ಭಯ ಹೋಗುವುದಿಲ್ಲ, ಹೇಳುವುದು ನಿಲ್ಲುತ್ತದೆ. ಮಗನ ಹತ್ತಿರ ಮಾತಾಡಿ, ಆ ರಾಕ್ಷಸನ ಚಿತ್ರ ಬರೆಸಿ, ಹೇಗೆ ಮಾಡಿದರು ಅಂತ ಮತ್ತೆ ನೆನಪಿಸಿ. ಮಗಳಿಗೆ ಈಗ ಇರುವ ಭಯಕ್ಕೆ ಮಾತಿನ ವಿವರಣೆ ಕೆಲಸಕ್ಕೆ ಬರುವುದಿಲ್ಲ. ಬಚ್ಚಲುಮನೆಯ ದೀಪ ಹಾಕಿಡಿ, ಕೆಲವು ದಿನ ಜೊತೆಗೆ ಹೋಗಿ, ಆಮೇಲೆ ಬಾಗಿಲವರೆಗೆ, ಆಮೇಲೆ ರೂಮಿನಿಂದಲೇ ಕೂಗುತ್ತಾ ಇರಿ. ಅಪ್ಪುಗೆ, ಒಂದು ಲೋಟ ಬಿಸಿ ಹಾಲು, ದಿನಾ ಹಿಡಿದು ಮಲಗುವ ಬೊಂಬೆ. ಅಜ್ಜಿ ದೃಷ್ಟಿ ತೆಗೆದರೆ ನಾನು ಬೇಡ ಅನ್ನುವುದಿಲ್ಲ, ಮಗುವಿಗೆ ಅದೂ ಒಂದು ನೆಮ್ಮದಿ. ಆದರೆ ಅವಳ ಎದುರಿಗೆ ‘ಏನೋ ಗಾಳಿ ಸೋಕಿದೆ’ ಅನ್ನಬೇಡಿ. ಹಾಗಂದರೆ ಬಚ್ಚಲುಮನೆಯಲ್ಲಿ ನಿಜವಾಗಿಯೂ ಏನೋ ಇದೆ ಅಂತ ದೊಡ್ಡವರೇ ಒಪ್ಪಿದ ಹಾಗಾಯಿತು. ಮೂರ್ನಾಲ್ಕು ವಾರ ಕಳೆದರೂ ಭಯ ತಗ್ಗದಿದ್ದರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಶಾಲೆಗೆ ಹೋಗಲು ಹಟ ಮಾಡಿದರೆ ಮಕ್ಕಳ ವೈದ್ಯರಿಗೋ ಆಪ್ತ ಸಮಾಲೋಚಕರಿಗೋ ಒಮ್ಮೆ ತೋರಿಸಿ.

ಕೊನೆಗೆ, ನೀವು ಇನ್ನೂ ಕೇಳಿಲ್ಲ, ಆದರೆ ಎರಡನೇ ಭಾಗ ಮುಗಿದ ಐದು ನಿಮಿಷಕ್ಕೆ ಮಗ ಕೇಳುತ್ತಾನೆ. 2007ರ ಮೂರನೇ ಭಾಗ ಶುರುವಾಗುವುದೇ ಸಾಲು ಸಾಲಾಗಿ ಜನರನ್ನು ನೇಣಿಗೆ ಹಾಕುವುದರಿಂದ. ಆ ಸಾಲಿನಲ್ಲಿ ಹೆಚ್ಚು ಕಮ್ಮಿ ನಿಮ್ಮ ಮಗನ ವಯಸ್ಸಿನ ಹುಡುಗನೊಬ್ಬ ಇದ್ದಾನೆ. ಕುಣಿಕೆಗೆ ಎತ್ತರ ಸಾಲದೆ ಅವನನ್ನು ಪೀಪಾಯಿಯ ಮೇಲೆ ನಿಲ್ಲಿಸುತ್ತಾರೆ. ಅದಕ್ಕೂ ಅದೇ ಪಿಜಿ-13. ಜ್ಯಾಕ್ ವಾಪಸ್ ಬರುವುದನ್ನು ಅವನು ನೋಡಲೇಬೇಕು ಅಂದರೆ ಆ ಮೊದಲ ಕೆಲವು ನಿಮಿಷ ದಾಟಿಸಿಯೇ ಹಾಕಿ.